ದಿನಕ್ಕೆ 400 ಪಾರ್ಸೆಲ್ ಜಾಸ್ತಿ ಸಿಗುತ್ತದೆ, ರೇಟು ಮಾತ್ರ ಶೇಕಡಾ 35 ಕಡಿಮೆ. ಒಪ್ಪಿಕೊಳ್ಳಬೇಕಾ?

ನಾಲ್ಕು_ವ್ಯಾನ್

ನಮಸ್ಕಾರ ಎಲ್ಲರಿಗೂ. ಇಲ್ಲಿ ಈ ಲೈನಿನವರು ತುಂಬಾ ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ನಂದು ಸಣ್ಣ ಡೆಲಿವರಿ ವ್ಯವಹಾರ. ಹೆಸರೇ ಹೇಳುವ ಹಾಗೆ ನಾಲ್ಕು ವ್ಯಾನು, ನಾಲ್ಕು ಡ್ರೈವರ್, ಒಂದು ಸಣ್ಣ ಗೋಡೌನ್. ದಿನಕ್ಕೆ ಸರಾಸರಿ 300 ಪಾರ್ಸೆಲ್ ಹೋಗುತ್ತದೆ. ಸಾಲ ಇಲ್ಲ, ದೊಡ್ಡ ಲಾಭವೂ ಇಲ್ಲ.

ಹೋದ ವಾರ ಒಂದು ಆನ್‌ಲೈನ್ ಮಾರಾಟದ ಕಂಪನಿಯವರು ಬಂದಿದ್ದರು. ದಿನಕ್ಕೆ 400 ಪಾರ್ಸೆಲ್ ಕೊಡುತ್ತಾರಂತೆ. ಆದರೆ ನಮಗೆ ಈಗ ಸರಾಸರಿ ಸಿಗುತ್ತಿರುವ ರೇಟಿಗಿಂತ ಶೇಕಡಾ 35 ಕಡಿಮೆ. ನನ್ನ ಪಾರ್ಟ್‌ನರ್ ಕುಣಿಯುತ್ತಿದ್ದಾನೆ. ವ್ಯಾನು ಹೇಗಿದ್ದರೂ ರಸ್ತೆಗೆ ಇಳಿಯುತ್ತದೆ, ಬಾಡಿಗೆ ಹೇಗಿದ್ದರೂ ಕಟ್ಟುತ್ತೇವೆ, ಬಂದಷ್ಟು ಬರಲಿ ಅಂತ ಅವನ ವಾದ. ನಮ್ಮ ಲೆಕ್ಕ ಬರೆಯುವ ಮೇಡಂ ಮಾತ್ರ ಬೇಡ ಅಂತಿದ್ದಾರೆ, ಯಾಕೆ ಅಂದರೆ ಸರಿಯಾಗಿ ಹೇಳೋಕೆ ಬರ್ತಿಲ್ಲ ಅಂತಾರೆ. ನನಗೆ ಮೂರು ದಿನದಿಂದ ನಿದ್ದೆ ಇಲ್ಲ. ಶುಕ್ರವಾರದೊಳಗೆ ಉತ್ತರ ಕೊಡಬೇಕು.

ಹಳೇ_ಸ್ಟೇರಿಂಗ್

ಅಣ್ಣಾ, ನಾನು 19 ವರ್ಷ ಪಾರ್ಸೆಲ್ ವ್ಯಾನು ಓಡಿಸಿದವನು. ರೇಟಿನ ಮಾತು ಆಮೇಲೆ. ಮೊದಲು ಒಂದು ಕೇಳುತ್ತೇನೆ. ಆ 400 ಪಾರ್ಸೆಲ್ ಎಲ್ಲಿಗೆ ಹೋಗಬೇಕು? ನಿಮ್ಮ ವ್ಯಾನು ಈಗ ಹೋಗುವ ಬೀದಿಗಳಿಗಾ, ಬೇರೆ ಕಡೆಗಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಈ ಕೆಲಸದಲ್ಲಿ ದುಡ್ಡು ಖರ್ಚಾಗುವುದು ಓಡುವಾಗ ಅಲ್ಲ, ನಿಂತಾಗ. ನಾನೇ ಒಮ್ಮೆ ವಾಚ್ ಇಟ್ಟುಕೊಂಡು ನೋಡಿದ್ದೆ. ಗಾಡಿ ನಿಲ್ಲಿಸೋಕೆ ಜಾಗ ಹುಡುಕಬೇಕು. ಹಿಂದೆ ಹೋಗಿ ಡಬ್ಬ ಹುಡುಕಬೇಕು. ಅದು ಬೆಳಿಗ್ಗೆ ಲೋಡ್ ಮಾಡಿದವನು ಎಲ್ಲಿ ತುರುಕಿದ್ದಾನೋ ಅವನಿಗೇ ಗೊತ್ತು. ಆಮೇಲೆ ಗೇಟು, ವಾಚ್‌ಮನ್, ಲಿಫ್ಟ್. ಲಿಫ್ಟ್ ಯಾವಾಗಲೂ ಮೇಲಿನ ಮಹಡಿಯಲ್ಲೇ ಇರುತ್ತದೆ, ಅದೊಂದು ಶಾಪ. ಬೆಲ್ ಹೊಡೆದು ಕಾಯಬೇಕು. ಫೋಟೋ ತೆಗೆಯಬೇಕು, ನೆಟ್‌ವರ್ಕ್ ಸಿಕ್ಕದೆ ಅಪ್‌ಲೋಡ್ ಆಗಲ್ಲ, ಮತ್ತೆ ಕಾಯಬೇಕು. ನನಗೆ ಒಂದು ಮನೆಗೆ ಸರಾಸರಿ ಮೂರು ನಿಮಿಷ ಬಂತು. ಒಂದು ಮನೆಯಿಂದ ಮುಂದಿನ ಮನೆಗೆ ಎರಡು ನಿಮಿಷ. ಅದೇ ಬೀದಿಯಲ್ಲಿ ಇನ್ನೊಂದು ಮನೆ ಇದ್ದರೆ ಆ ಎರಡು ನಿಮಿಷ ಅರ್ಧ ನಿಮಿಷ ಆಗುತ್ತದೆ. ಅದೇ ಬಿಲ್ಡಿಂಗ್ ಆದರೆ ಪಾರ್ಕಿಂಗೂ ಉಳಿಯಿತು, ವಾಚ್‌ಮನ್ ಪ್ರಶ್ನೆಗಳೂ ಉಳಿದವು. ಅದೇ ಮನೆಗೆ ಎರಡು ಪಾರ್ಸೆಲ್ ಆದರೆ ಎರಡನೆಯದು ಹೆಚ್ಚುಕಡಿಮೆ ಬಿಟ್ಟಿ.

ಅದಕ್ಕೆ ಪಾರ್ಸೆಲ್ ಎಷ್ಟು ಅಂತ ಕೇಳಬೇಡಿ. ಎಷ್ಟು ಕಡೆ ನಿಲ್ಲಬೇಕು, ಆ ಜಾಗಗಳು ಎಷ್ಟು ಹತ್ತಿರ ಇವೆ, ಅದನ್ನು ಕೇಳಿ.

ಲೆಕ್ಕದ_ಪುಸ್ತಕ

ಹಳೇ ಸ್ಟೇರಿಂಗ್ ಅವರು ಹೇಳಿದ್ದನ್ನೇ ನಾನು ಅಂಕಿಯಲ್ಲಿ ಹಾಕುತ್ತೇನೆ. ಯಾವ ದೇಶದ ದುಡ್ಡೂ ಬೇಡ, ಒಂದು ವ್ಯಾನಿನ ಒಂದು ದಿನದ ಖರ್ಚು (ಡ್ರೈವರ್, ಡೀಸೆಲ್, ಕಂತು, ರಿಪೇರಿ, ವಿಮೆ ಎಲ್ಲಾ ಸೇರಿ) 100 ಅಂತ ಇಟ್ಟುಕೊಳ್ಳಿ.

ಈಗ ನಿಮ್ಮ ಖರ್ಚು 400. ಪಾರ್ಸೆಲ್ 300. ಒಂದಕ್ಕೆ 1.33 ಬೀಳುತ್ತದೆ. ನಿಮಗೆ ಸಿಗುವುದು 1.60 ಅಂತ ಇಟ್ಟುಕೊಳ್ಳೋಣ, ದಿನದ ಆದಾಯ 480, ಕೈಯಲ್ಲಿ ಉಳಿಯುವುದು 80. ಅದರಲ್ಲಿ ಗೋಡೌನ್ ಬಾಡಿಗೆ, ಆಫೀಸು, ಒಡೆದುಹೋದ ಸಾಮಾನಿನ ದಂಡ ಎಲ್ಲಾ ಹೋಗಬೇಕು. ಹೊಸ ಗಿರಾಕಿ ಕೊಡುವುದು 1.04. ನಾನೂರು ಪಾರ್ಸೆಲ್‌ಗೆ 416. ಒಟ್ಟು ಆದಾಯ 896.

ನೋಡೋಕೆ ಚೆನ್ನಾಗಿದೆ ಅಲ್ವಾ? ಆದರೆ 700 ಪಾರ್ಸೆಲ್‌ಗೆ ನಾಲ್ಕು ವ್ಯಾನು ಸಾಲುವುದಿಲ್ಲ. ನಿಮ್ಮ ಪಾರ್ಟ್‌ನರ್ ಹೇಳುವ 'ವ್ಯಾನು ಹೇಗಿದ್ದರೂ ಇಳಿಯುತ್ತದೆ' ಮೊದಲ ಐವತ್ತು ಅರವತ್ತು ಪಾರ್ಸೆಲ್‌ಗೆ ನಿಜ, ಆಮೇಲೆ ಹೊಸ ವ್ಯಾನು ಬೇಕೇ ಬೇಕು.

ಒಂದು ವ್ಯಾನು ದಿನಕ್ಕೆ 100 ಮುಗಿಸಿದರೆ ಏಳು ವ್ಯಾನು, ಉಳಿಯುವುದು 196. ಎಂಟು ವ್ಯಾನು ಬೇಕಾದರೆ 96. ಒಂಬತ್ತು ಬೇಕಾದರೆ ದಿನಕ್ಕೆ 4 ನೀವೇ ಕೈಯಿಂದ ಹಾಕಬೇಕು. ಅಂದರೆ ಒಬ್ಬ ಡ್ರೈವರ್ 100 ಮನೆ ಮಾಡುತ್ತಾನೋ 78 ಮಾಡುತ್ತಾನೋ ಅನ್ನುವುದರ ಮೇಲೆ ನಿಮ್ಮ ಇಡೀ ಲಾಭ ನಿಂತಿದೆ. ಅವನು ಈಗ ಮಾಡುತ್ತಿರುವುದು 75. ರೇಟಿಗೆ ಚೌಕಾಸಿ ಮಾಡುತ್ತಾ ಕೂತರೆ ನಾಲ್ಕೈದು ಪರ್ಸೆಂಟ್ ಸಿಗಬಹುದು. ಅಸಲು ಆಟ ಇರುವುದು ಇಲ್ಲಿ.

ಸುಮ್ನೆ ಒಂದು ಹಳೇ ವಿಷಯ. 1837ರಲ್ಲಿ ರೋಲಂಡ್ ಹಿಲ್ ಅನ್ನುವವರು ಬ್ರಿಟನ್ನಿನ ಅಂಚೆ ಖರ್ಚನ್ನು ಬಿಡಿಸಿ ನೋಡಿದರು. ಆಗ ದೂರ ಜಾಸ್ತಿ ಆದ ಹಾಗೆ ಅಂಚೆ ದರ ಜಾಸ್ತಿ. ಲಂಡನ್‌ನಿಂದ ಎಡಿನ್‌ಬರೋಗೆ ಒಂದು ಪತ್ರ ಸಾಗಿಸುವ ಖರ್ಚು ಒಂದು ಪೆನ್ನಿಯ (ಅಲ್ಲಿನ ಸಣ್ಣ ನಾಣ್ಯ) 36ರಲ್ಲಿ ಒಂದು ಭಾಗ ಮಾತ್ರ ಅಂತ ಅವರ ಲೆಕ್ಕ. ಉಳಿದ ಖರ್ಚೆಲ್ಲಾ ತಗೊಳ್ಳುವುದು, ವಿಂಗಡಿಸುವುದು, ಮನೆಗೆ ಮುಟ್ಟಿಸಿ ದುಡ್ಡು ವಸೂಲಿ ಮಾಡುವುದು. 1840ರಲ್ಲಿ ಎಲ್ಲ ದೂರಕ್ಕೂ ಒಂದೇ ಪೆನ್ನಿ ದರ ಬಂದದ್ದು ಅದರಿಂದಲೇ. ಸುಮಾರು ಇನ್ನೂರು ವರ್ಷ ಆಗುತ್ತಾ ಬಂತು, ಮನೆ ಬಾಗಿಲಿನ ಸಮಸ್ಯೆ ಹಾಗೇ ಇದೆ.

ಸೇಲ್ಸ್_ಮಂದಿ

ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ, ಬೈಯಬೇಡಿ. ಈ 400 ನೀವು ಬಿಟ್ಟರೆ ಪಕ್ಕದವನು ತಗೊಳ್ಳುತ್ತಾನೆ. ಅವನ ವ್ಯಾನು ನಿಮ್ಮ ಬೀದಿಗೆ ದಿನಾ ಬರಲು ಶುರುವಾಗುತ್ತದೆ. ಆಮೇಲೆ ಅವನಿಗೆ ಅಲ್ಲಿ ಒಂದು ಪಾರ್ಸೆಲ್‌ನ ಅಸಲು ನಿಮಗಿಂತ ಕಡಿಮೆ ಬೀಳುತ್ತದೆ. ಒಂದು ವರ್ಷದಲ್ಲಿ ನಿಮ್ಮ 1.60 ಗಿರಾಕಿಗಳ ಹತ್ತಿರ ಹೋಗಿ 1.30ಕ್ಕೆ ಮಾಡಿಕೊಡುತ್ತೇನೆ ಅಂತಾನೆ. ಆಗ ಏನು ಮಾಡುತ್ತೀರಿ?

ಈ ಧಂದೆಯಲ್ಲಿ ಮೊದಲು ಬಲೆ ಹರಡಬೇಕು, ಆಮೇಲೆ ಮೀನು. ಅಮೆರಿಕದ ಕೊರಿಯರ್ ಕಂಪನಿ ಫೆಡ್‌ಎಕ್ಸ್ 1973ರ ಏಪ್ರಿಲ್ 17ರಂದು ಅಲ್ಲಿನ ಮೆಂಫಿಸ್ ಊರಲ್ಲಿ ಕೆಲಸ ಶುರು ಮಾಡಿದಾಗ 14 ಸಣ್ಣ ವಿಮಾನ, 25 ಊರು, ಮೊದಲ ರಾತ್ರಿ ಬಂದ ಪ್ಯಾಕೆಟ್ಟು ಬರೀ 186. ಜಪಾನಿನ ಯಾಮಾಟೊ 1976ರಲ್ಲಿ ಮನೆಮನೆ ಪಾರ್ಸೆಲ್ ಶುರು ಮಾಡಿದ ದಿನ ಸಿಕ್ಕಿದ್ದು 11. ಅವತ್ತು ಲೆಕ್ಕದ ಪುಸ್ತಕ ತೆಗೆದು ಕೂತಿದ್ದರೆ ಇಬ್ಬರೂ ಮರುದಿನವೇ ಅಂಗಡಿ ಮುಚ್ಚುತ್ತಿದ್ದರು.

ಹಳೇ_ಪೇಪರ್

ಸೇಲ್ಸ್ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ಬಲೆ ಹರಡಿ ಮುಳುಗಿದವರ ಕಥೆಯೂ ಇದೆ. ಡಿಎಚ್‌ಎಲ್ 2003ರಲ್ಲಿ ಏರ್‌ಬೋರ್ನ್ ಅನ್ನುವ ಕಂಪನಿಯನ್ನು ಕೊಂಡುಕೊಂಡು ಅಮೆರಿಕದ ಒಳಗಿನ ಡೆಲಿವರಿಯಲ್ಲಿ ಅಲ್ಲಿನ ದೊಡ್ಡ ಕೊರಿಯರ್‌ಗಳಾದ ಯುಪಿಎಸ್, ಫೆಡ್‌ಎಕ್ಸ್ ಜೊತೆ ನೇರ ಕುಸ್ತಿಗೆ ಇಳಿಯಿತು. ದುಡ್ಡಿಗೆ ಕೊರತೆ ಇರಲಿಲ್ಲ, ಹಿಂದೆ ಜರ್ಮನಿಯ ಅಂಚೆ ಕಂಪನಿ ಇತ್ತು. ಆದರೆ ಅವರ ವ್ಯಾನೂ ಅದೇ ಬೀದಿಗೆ ಹೋಗುತ್ತಿತ್ತು, ಎದುರಾಳಿಯ ವ್ಯಾನೂ ಅದೇ ಬೀದಿಗೆ. ಅವರದು ಒಂದು ಮನೆಗೆ ನಿಂತರೆ ಎದುರಾಳಿಯದು ಆರೇಳು ಮನೆಗೆ ನಿಲ್ಲುತ್ತಿತ್ತು. (ಆರೇಳು ಅನ್ನುವುದು ನಾನು ಅರ್ಥ ಆಗಲಿ ಅಂತ ಹೇಳಿದ್ದು.) ರೇಟು ಇಳಿಸಿದಷ್ಟೂ ನಷ್ಟ ಏರಿತು. 2008ರ ನವೆಂಬರ್‌ನಲ್ಲಿ 9,500 ಕೆಲಸ ಕಡಿತ ಅಂತ ಘೋಷಿಸಿದರು, 2009ರ ಜನವರಿ ಕೊನೆಗೆ ಅಮೆರಿಕದ ಒಳಗಿನ ಸೇವೆ ನಿಲ್ಲಿಸಿದರು. ಬೇರೆ ದೇಶಕ್ಕೆ ಕಳಿಸುವ ವ್ಯವಹಾರ ಮಾತ್ರ ಉಳಿಸಿಕೊಂಡರು. ಅದರಲ್ಲಿ ಅವರು ಗಟ್ಟಿ.

ಇನ್ನೊಂದು, ದೊಡ್ಡ ಗಿರಾಕಿ ವಿಷಯ. 2019ರಲ್ಲಿ ಫೆಡ್‌ಎಕ್ಸ್ ಅಮೆರಿಕದಲ್ಲಿ ಅಮೆಜಾನ್‌ನ ಕೆಲಸ ಬಿಟ್ಟುಬಿಟ್ಟಿತು. ಅದರ ಆದಾಯದಲ್ಲಿ ಅಮೆಜಾನ್ ಪಾಲು ಶೇಕಡಾ 1.3 ಮಾತ್ರ ಇತ್ತು, ಬಿಡೋದು ಸುಲಭ. ಯುಪಿಎಸ್‌ಗೆ ಅಷ್ಟು ಸುಲಭ ಇರಲಿಲ್ಲ. 2024ರಲ್ಲಿ ಅದರ ಆದಾಯದ ಶೇಕಡಾ 12ರ ಹತ್ತಿರ ಅಮೆಜಾನ್‌ದೇ. ಆದರೂ 2025ರ ಜನವರಿಯಲ್ಲಿ, 2026ರ ಮಧ್ಯದ ಹೊತ್ತಿಗೆ ಆ ಪಾರ್ಸೆಲ್‌ಗಳನ್ನು ಅರ್ಧಕ್ಕಿಂತ ಜಾಸ್ತಿ ಇಳಿಸುತ್ತೇವೆ ಅಂದರು. ಅತಿ ದೊಡ್ಡ ಗಿರಾಕಿ ಹೌದು, ಅತಿ ಹೆಚ್ಚು ಲಾಭದ ಗಿರಾಕಿ ಅಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಅವತ್ತೇ ಷೇರು ಶೇಕಡಾ 14ರಷ್ಟು ಬಿತ್ತು. ಮಾರುಕಟ್ಟೆಗೆ ದೊಡ್ಡ ನಂಬರ್ ಅಂದರೆ ಇಷ್ಟ.

ನಾಲ್ಕು_ವ್ಯಾನ್

ಎಲ್ಲರಿಗೂ ಥ್ಯಾಂಕ್ಸ್. ಹಳೇ ಸ್ಟೇರಿಂಗ್ ಸರ್, ನೀವು ಕೇಳಿದ ಪ್ರಶ್ನೆ ನಾನು ಅವರನ್ನು ಕೇಳಿರಲೇ ಇಲ್ಲ, ನಾಚಿಕೆ ಆಯಿತು. ಇವತ್ತು ಫೋನ್ ಮಾಡಿ ಒಂದು ವಾರದ ವಿಳಾಸ ಕೊಡಿ ಅಂದೆ. ಕೊಡೋಕೆ ಹಿಂದೇಟು ಹಾಕುತ್ತಿದ್ದಾರೆ. ಸರಾಸರಿ ನೋಡಿಕೊಳ್ಳಿ ಅಂತಾರೆ.

ಹಳೇ ಪೇಪರ್ ಅವರೇ, ದೊಡ್ಡ ಗಿರಾಕಿ ಲಾಭ ಕೊಡಲ್ಲ ಯಾಕೆ? ಅಷ್ಟು ಪಾರ್ಸೆಲ್ ಇದ್ದರೆ ಒಂದೇ ಬೀದಿಯಲ್ಲಿ ಜಾಸ್ತಿ ಮನೆ ಸಿಗಬೇಕಲ್ವಾ?

ಹಳೇ_ಪೇಪರ್

ಸಿಗಬೇಕು. ಆದರೆ ಗಿರಾಕಿಯೂ ಅದೇ ಲೆಕ್ಕ ಮಾಡುತ್ತಾನೆ! ಒಂದು ಬೀದಿಯಲ್ಲಿ ತನ್ನದೇ ಸಾಕಷ್ಟು ಪಾರ್ಸೆಲ್ ಇದೆ ಅಂತ ಗೊತ್ತಾದ ತಕ್ಷಣ ಅಲ್ಲಿಗೆ ತನ್ನದೇ ವ್ಯಾನು ಕಳಿಸುತ್ತಾನೆ. ಕೆನೆ ತನಗೆ, ಉಳಿದದ್ದು ನಿಮಗೆ. ದೂರದ್ದು, ಒಂಟಿ ಮನೆ, ಮೂರನೇ ಮಹಡಿ ಲಿಫ್ಟ್ ಇಲ್ಲದ್ದು, ಅಳತೆಗೆ ಮೀರಿದ ಡಬ್ಬ, ಅದೆಲ್ಲಾ ಹಳೇ ಸರಾಸರಿ ರೇಟಿನಲ್ಲೇ ನಿಮ್ಮ ತಲೆ ಮೇಲೆ. ಅಮೆಜಾನ್ 2018ರಲ್ಲಿ ಸಣ್ಣ ಗುತ್ತಿಗೆದಾರರಿಗೆ ವ್ಯಾನು ಕೊಡಿಸಿ ತನ್ನದೇ ಡೆಲಿವರಿ ಜಾಲ ಬೆಳೆಸಲು ಶುರು ಮಾಡಿತು, ಕೆಲವೇ ವರ್ಷದಲ್ಲಿ ಅಮೆರಿಕದಲ್ಲಿ ಪಾರ್ಸೆಲ್ ಎಣಿಕೆಯಲ್ಲಿ ಯುಪಿಎಸ್ ಅನ್ನೇ ದಾಟಿತು.

ಅದಕ್ಕೇ ವಿಳಾಸ ಕೊಡೋಕೆ ಹಿಂದೇಟು ಹಾಕುತ್ತಿದ್ದಾರೆ ಅಂದರೆ ಸ್ವಲ್ಪ ಹುಷಾರು.

ಗುಂಡಿ_ಬಟನ್

ನಾನು ಆ ಕಡೆಯವಳು. ಮನೆಯಿಂದಲೇ ದಿಂಬು, ಕುಶನ್ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ನೀವೆಲ್ಲಾ ಡೆಲಿವರಿಯವರು ಲಾಭ ಇಲ್ಲ ಲಾಭ ಇಲ್ಲ ಅಂತ ಅಳುತ್ತೀರಲ್ಲಾ, ನನ್ನ ಬಿಲ್ ನೋಡಿ ಒಮ್ಮೆ.

ಎರಡು ಕೆಜಿ ದಿಂಬಿನ ಡಬ್ಬ. ನನ್ನ ತಕ್ಕಡಿಯಲ್ಲಿ ಎರಡೇ ಕೆಜಿ. ಒಂದು ಕೊರಿಯರ್‌ನವರು (ಹೆಸರು ಬೇಡ) ಮೊದಲು ಎರಡು ಕೆಜಿ ರೇಟು ಹೇಳಿ ಡಬ್ಬ ತಗೊಂಡು ಹೋದರು. ತಿಂಗಳ ಕೊನೆಗೆ ಬಿಲ್ ಬಂತು, 20 ಕೆಜಿ! ತಪ್ಪಾಗಿದೆ ಅಂತ ಫೋನ್ ಮಾಡಿದರೆ ಅಲ್ಲಿಯ ಹುಡುಗ ಬಹಳ ಮರ್ಯಾದೆಯಿಂದ, ಮೇಡಂ ಟೇಪು ತಗೊಳ್ಳಿ ಅಂದ. ಅಳೆದೆ. ಉದ್ದ 60 ಸೆಂಟಿಮೀಟರ್, ಅಗಲ 40, ಎತ್ತರ 40. ಮೂರನ್ನೂ ಗುಣಿಸಿ 5,000ದಿಂದ ಭಾಗಿಸಿ ಅಂದ. 19.2 ಬಂತು. ಮೇಲಿನ ಪೂರ್ತಿ ಕೆಜಿಗೆ ಏರಿಸುತ್ತಾರಂತೆ. ಅದರ ಮೇಲೆ ಇಂಧನದ ಸರ್‌ಚಾರ್ಜ್, ಮನೆಗೆ ಮುಟ್ಟಿಸಿದ್ದಕ್ಕೆ ಬೇರೆ, ದೂರದ ಏರಿಯಾ ಅಂತ ಬೇರೆ. ರೇಟ್ ಕಾರ್ಡ್ ಅನ್ನುವುದು ಬರೀ ಮುಖ, ಮೈಯೆಲ್ಲಾ ಸರ್‌ಚಾರ್ಜ್.

ಲೆಕ್ಕದ_ಪುಸ್ತಕ

ಮೇಡಂ, ಮೊದಲೇ ಹೇಳದೇ ಬಿಲ್ ಕಳಿಸಿದ್ದು ತಪ್ಪೇ, ಅದಕ್ಕೆ ಎರಡು ಮಾತಿಲ್ಲ. ಆದರೆ ಅಳತೆ ಲೆಕ್ಕ ಮೋಸ ಅಲ್ಲ. ವ್ಯಾನು ತುಂಬುವುದು ತೂಕದಿಂದ ಅಲ್ಲ, ಜಾಗದಿಂದ. ನಿಮ್ಮ ದಿಂಬಿನ ಡಬ್ಬ ಇಟ್ಟ ಜಾಗದಲ್ಲಿ ಪುಸ್ತಕದ ಡಬ್ಬ ಹತ್ತು ಇಡಬಹುದಿತ್ತು. ವಿಮಾನದ ಸರಕಿಗೆ ಈ ಲೆಕ್ಕ ಮೊದಲಿಂದ ಇದೆ. ಅಮೆರಿಕದಲ್ಲಿ ರಸ್ತೆ ಮೇಲೆ ಹೋಗುವ ಎಲ್ಲಾ ಪಾರ್ಸೆಲ್‌ಗೂ ಯುಪಿಎಸ್, ಫೆಡ್‌ಎಕ್ಸ್ ಅದನ್ನು ಹಾಕಿದ್ದು 2015ರ ಹೊಸ ವರ್ಷದ ಆಸುಪಾಸಿನಲ್ಲಿ. ಜನ ಸಣ್ಣ ಸಾಮಾನಿಗೆ ದೊಡ್ಡ ಡಬ್ಬ ಹಾಕಿ ಗಾಳಿ ಕಳಿಸುತ್ತಿದ್ದರು. ನಿಮಗೊಂದು ಉಪಾಯ: ದಿಂಬಿನ ಗಾಳಿ ತೆಗೆದು ಪ್ಯಾಕ್ ಮಾಡಿ. ಎತ್ತರ 40ರಿಂದ 12ಕ್ಕೆ ಇಳಿದರೆ 5.76, ಅಂದರೆ 6 ಕೆಜಿ ಬಿಲ್.

ಸರ್‌ಚಾರ್ಜ್ ಮಾತ್ರ ನೀವು ಹೇಳಿದ ಹಾಗೇ. ರೇಟ್ ಕಾರ್ಡ್ ಮೇಲೆ ಎಲ್ಲರೂ ಡಿಸ್ಕೌಂಟ್ ಕೇಳುತ್ತಾರೆ, ದೊಡ್ಡವರಿಗೆ ದೊಡ್ಡ ಡಿಸ್ಕೌಂಟ್. ಕಾರ್ಡ್‌ನ ರೇಟು ಪೂರ್ತಿ ಕೊಡುವವರು ನಿಮ್ಮಂಥ ಸಣ್ಣವರು. ಡಿಸ್ಕೌಂಟಿನಲ್ಲಿ ಹೋದದ್ದನ್ನು ಸರ್‌ಚಾರ್ಜಿನಲ್ಲಿ ವಾಪಸ್ ತಗೊಳ್ಳುವುದು ಈ ಲೈನಿನ ಹಳೇ ಚಾಳಿ. ರೇಟ್ ಕಾರ್ಡೂ ಸುಮ್ನೆ ಇರಲ್ಲ, ಅಮೆರಿಕದ ಈ ಇಬ್ಬರು ದೊಡ್ಡವರು ಅದನ್ನು ಪ್ರತಿ ವರ್ಷ ಶೇಕಡಾ 4.9 ಏರಿಸುತ್ತಿದ್ದರು. 2022ಕ್ಕೆ 5.9, 2023ಕ್ಕೆ 6.9, ಆಮೇಲೆ ಮತ್ತೆ 5.9. ಇಬ್ಬರದೂ ಒಂದೇ ನಂಬರ್, ಪ್ರತಿ ಸಲ! ಇದನ್ನು ಪೈಪೋಟಿ ಅನ್ನಬೇಕೋ ಬೇಡವೋ ನೀವೇ ಹೇಳಿ.

ಸೇಲ್ಸ್_ಮಂದಿ

ಗ್ರಾಹಕರಿಗೆ 'ಡೆಲಿವರಿ ಫ್ರೀ' ಅನ್ನುವ ಚಟ ಹತ್ತಿಸಿದ್ದೇ ಎಲ್ಲದಕ್ಕೂ ಮೂಲ. 2005ರಲ್ಲಿ ಅಮೆಜಾನ್ ವರ್ಷಕ್ಕೆ 79 ಡಾಲರ್ ಕಟ್ಟಿದರೆ ಎರಡು ದಿನದಲ್ಲಿ ಎಷ್ಟು ಬೇಕಾದರೂ ಕಳಿಸುತ್ತೇವೆ ಅಂತ ಶುರು ಮಾಡಿತಲ್ಲ, ಅಲ್ಲಿಂದ ಯಾರೂ ಡೆಲಿವರಿಗೆ ಬೇರೆ ದುಡ್ಡು ಕೊಡೋಕೆ ತಯಾರಿಲ್ಲ. ಕೊಡದೇ ಇದ್ದರೆ ಖರ್ಚು ಇಲ್ಲ ಅಂತಲ್ಲ. ಸಾಮಾನಿನ ಬೆಲೆಯಲ್ಲೋ, ಡೆಲಿವರಿಯವನ ಜೇಬಿನಲ್ಲೋ ಎಲ್ಲೋ ಒಂದು ಕಡೆ ಹೋಗುತ್ತದೆ.

ಬೈಕ್_ಮೇಲೆ

ಜೇಬು ಅಂದಿರಲ್ಲಾ, ಆ ಜೇಬು ನಂದು. ನಾನು ಪಾರ್ಸೆಲ್ ಲೆಕ್ಕದಲ್ಲಿ ಕೆಲಸ ಮಾಡುವವನು. ಮುಟ್ಟಿಸಿದರೆ ದುಡ್ಡು. ಬೀಗ ಹಾಕಿದ ಮನೆಗೆ ದುಡ್ಡಿಲ್ಲ. ಫೋನ್ ಎತ್ತದವರಿಗೆ ದುಡ್ಡಿಲ್ಲ. 'ನಾಳೆ ಬನ್ನಿ' ಅನ್ನುವವರಿಗೂ ಇಲ್ಲ. ಹೋದ ಸೋಮವಾರ 62 ತಗೊಂಡು ಹೋದೆ, 49 ಕೊಟ್ಟೆ, 13 ವಾಪಸ್. ಪೆಟ್ರೋಲ್ ಮಾತ್ರ 62ಕ್ಕೂ ಸುಟ್ಟಿತು.

ನಾಲ್ಕು ವ್ಯಾನ್ ಅಣ್ಣಾ, ನೀವು ರೇಟು ಇಳಿಸಿದರೆ ನಾಳೆ ನಿಮ್ಮ ಡ್ರೈವರ್‌ಗಳನ್ನೂ ಈ ಲೆಕ್ಕಕ್ಕೆ ತರುತ್ತೀರಿ, ಬೇಜಾರು ಮಾಡಿಕೊಳ್ಳಬೇಡಿ. ರೇಟು ಇಳಿದಾಗ ಕೊನೆಗೆ ಕೈ ಹಾಕೋಕೆ ಸಿಗುವುದು ನಮ್ಮ ಕೂಲಿ ಒಂದೇ. ಡೀಸೆಲ್‌ನವನು ಚೌಕಾಸಿಗೆ ಬರಲ್ಲ.

ಹಳೇ_ಪೇಪರ್

ಬೈಕ್ ಅವರೇ, ಇದಕ್ಕೆ ಚೀನಾದ ಕಥೆ ಸರಿಯಾಗಿ ಹೊಂದುತ್ತದೆ. ಅಲ್ಲಿ 2024ರಲ್ಲಿ ಸುಮಾರು 17,500 ಕೋಟಿ ಪಾರ್ಸೆಲ್ ಹೋಗಿದೆ, ಸರಾಸರಿ ಆದಾಯ ಒಂದಕ್ಕೆ 8 ಯುವಾನ್ ಅಷ್ಟೇ. ಇಷ್ಟು ಅಗ್ಗ ಆಗಿದ್ದರಲ್ಲಿ ಅರ್ಧ ನಿಜವಾದ ಜಾಣತನ. ಬೀದಿ ತುಂಬಾ ಪಾರ್ಸೆಲ್, ಯಂತ್ರದಲ್ಲಿ ಸಾರ್ಟಿಂಗ್, ಮನೆಗೆ ಹೋಗದೆ ಹತ್ತಿರದ ಕೇಂದ್ರದಲ್ಲಿ ಇಟ್ಟು ಬರುವುದು. ಇನ್ನರ್ಧ ಬೆಲೆ ಸಮರ. ಯಿವು ಅನ್ನುವ ಊರಿದೆ, ಸಣ್ಣ ಸಾಮಾನುಗಳ ದೊಡ್ಡ ಸಗಟು ಮಾರುಕಟ್ಟೆ. ಅಲ್ಲಿ ಕಂಪನಿಗಳು ಅಸಲಿಗಿಂತ ಕೆಳಗೆ ಇಳಿದು ಬಡಿದಾಡಿದವು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಅಂಚೆ ಅಧಿಕಾರಿಗಳೇ ಎರಡು ಕಂಪನಿಗಳ ಕೆಲವು ಕೇಂದ್ರ ನಿಲ್ಲಿಸಿದರು. ಒಂದು ಜೆ ಆಂಡ್ ಟಿ, ಇನ್ನೊಂದು ಬೆಸ್ಟ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಸ್ಟ್ ತನ್ನ ಚೀನಾದ ಪಾರ್ಸೆಲ್ ವ್ಯವಹಾರವನ್ನು ಜೆ ಆಂಡ್ ಟಿಗೇ 680 ಕೋಟಿ ಯುವಾನ್‌ಗೆ ಮಾರುವುದಾಗಿ ಹೇಳಿತು. ಕುಸ್ತಿ ಮಾಡಿದವರಲ್ಲಿ ಒಬ್ಬ ಇನ್ನೊಬ್ಬನನ್ನು ನುಂಗಿದ.

ನಡುವೆ, 2021ರ ಸೆಪ್ಟೆಂಬರ್ 1ರಿಂದ ದೊಡ್ಡ ಕಂಪನಿಗಳು ಡೆಲಿವರಿ ಮಾಡುವವರಿಗೆ ಪಾರ್ಸೆಲ್ ಒಂದಕ್ಕೆ 0.1 ಯುವಾನ್ ಜಾಸ್ತಿ ಕೊಡುತ್ತೇವೆ ಅಂದವು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿ. 0.1! ಅಲ್ಲಿಯವರೆಗೆ ಎಷ್ಟು ಹಿಂಡಿದ್ದರು ಅಂತ ಅದರಲ್ಲೇ ಗೊತ್ತಾಗುತ್ತದೆ.

ಸೇಲ್ಸ್_ಮಂದಿ

ಒಳ್ಳೆ ಸಂಬಳ ಕೊಟ್ಟೂ ಲಾಭ ಮಾಡಿದವರು ಇಲ್ವಾ? ಯುಪಿಎಸ್ ಡ್ರೈವರ್‌ಗಳು ಕಾಯಂ ನೌಕರರು, ಯೂನಿಯನ್ ಇದೆ. 2023ರ ಒಪ್ಪಂದದಲ್ಲಿ ಐದು ವರ್ಷದ ಕೊನೆಗೆ ಪೂರ್ಣಾವಧಿ ಡ್ರೈವರ್‌ಗೆ ಸಂಬಳ, ಸವಲತ್ತು ಎಲ್ಲಾ ಸೇರಿ ವರ್ಷಕ್ಕೆ ಸರಾಸರಿ 1.7 ಲಕ್ಷ ಡಾಲರ್ ಅಂತ ಕಂಪನಿಯೇ ಹೇಳಿತ್ತು.

ಹಳೇ_ಸ್ಟೇರಿಂಗ್

ಇದ್ದಾರೆ, ಆದರೆ ಅಷ್ಟು ಕೊಡಬೇಕಾದರೆ ಡ್ರೈವರ್‌ನ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಎಲ್ಲಾ ಡ್ರೈವರ್‌ಗಳು ದಿನಕ್ಕೆ ಒಂದೊಂದು ಮೈಲಿ ಕಡಿಮೆ ಓಡಿಸಿದರೆ ವರ್ಷಕ್ಕೆ 5 ಕೋಟಿ ಡಾಲರ್ ಉಳಿಯುತ್ತದೆ ಅಂತ ಅದೇ ಕಂಪನಿಯವರು ಹೇಳಿಕೊಂಡಿದ್ದರು. ರಸ್ತೆ ದಾಟಿ ಎಡಕ್ಕೆ ತಿರುಗುವುದನ್ನೇ ಆದಷ್ಟು ತಪ್ಪಿಸುತ್ತಾರೆ, ಅಲ್ಲಿ ಗಾಡಿ ಬಲಬದಿಗೆ ಓಡುವುದರಿಂದ ಎಡಕ್ಕೆ ತಿರುಗಲು ಕಾಯುತ್ತಾ ನಿಲ್ಲಬೇಕು ನೋಡಿ.

ಬೈಕ್ ತಮ್ಮ ಹೇಳಿದ್ದು ಮರೆಯಬೇಡಿ. 62ರಲ್ಲಿ 13 ವಾಪಸ್. ಇದು ಯಾರ ಲೆಕ್ಕದಲ್ಲೂ ಇಲ್ಲ, ಇಲ್ಲಿ ಲೆಕ್ಕದ ಪುಸ್ತಕ ಅವರೂ ಬಿಟ್ಟುಬಿಟ್ಟರು. ಜಪಾನಿನಲ್ಲಿ ಹತ್ತು ವರ್ಷದ ಹಿಂದೆ ಐದಕ್ಕೆ ಒಂದು ಪಾರ್ಸೆಲ್‌ಗೆ ಎರಡನೇ ಸಲ ಹೋಗಬೇಕಾಗುತ್ತಿತ್ತು, ಅದೂ ಗ್ರಾಹಕನಿಗೆ ಪುಕ್ಕಟೆ. ಯಾಮಾಟೊದವರು 2017ರಲ್ಲಿ ಸರಾಸರಿ ಶೇಕಡಾ 15 ರೇಟು ಏರಿಸಿದರು. ಮೂಲ ದರ ಏರಿಸಿದ್ದು 27 ವರ್ಷದಲ್ಲಿ ಮೊದಲ ಸಲ. ಪಾರ್ಸೆಲ್ ಬೆಟ್ಟದಷ್ಟು ಬರುತ್ತಿತ್ತು, ಡ್ರೈವರ್‌ಗಳು ರಾತ್ರಿಯಾದರೂ ಮನೆಗೆ ಹೋಗುತ್ತಿರಲಿಲ್ಲ.

ಲೆಕ್ಕದ_ಪುಸ್ತಕ

ಒಪ್ಪಿದೆ, ಬಿಟ್ಟಿದ್ದು ನನ್ನ ತಪ್ಪು. ಹತ್ತಕ್ಕೆ ಒಂದು ವಾಪಸ್ ಬಂದರೂ 400ರಲ್ಲಿ 40 ಮನೆಗೆ ಎರಡು ಸಲ ಹೋಗಬೇಕು. ಅಂದರೆ ಹೆಚ್ಚುಕಡಿಮೆ ಅರ್ಧ ವ್ಯಾನು. ಯಾರೂ ದುಡ್ಡು ಕೊಡದ ಅರ್ಧ ವ್ಯಾನು! ಪೋಲೆಂಡಿನಲ್ಲಿ ಇನ್‌ಪೋಸ್ಟ್‌ನವರು ಬೀದಿಬೀದಿಗೆ ಪಾರ್ಸೆಲ್ ಲಾಕರ್ ನಿಲ್ಲಿಸಿ ಗೆದ್ದಿದ್ದು ಇಲ್ಲೇ. ಒಂದು ಕಡೆ ನಿಂತು ಹತ್ತಾರು ಪಾರ್ಸೆಲ್ ಹಾಕಿ ಬರುವುದು, ಬಾಗಿಲು ಮುಚ್ಚಿದೆ ಅನ್ನುವ ಮಾತೇ ಇಲ್ಲ.

ಇನ್ನೂ ಎರಡು ವಿಷಯ ಕೇಳಿ ನಾಲ್ಕು ವ್ಯಾನ್ ಅವರೇ. 400 ಅನ್ನುವುದು ಸರಾಸರಿಯಾ, ದಿನಾ 400ಆ? ಸೋಮವಾರ 700, ಗುರುವಾರ 200 ಆದರೆ ಸರಾಸರಿ ಸರಿ ಇರಬಹುದು, ಆದರೆ ನೀವು 700ಕ್ಕೆ ವ್ಯಾನು ಇಟ್ಟುಕೊಂಡು ಗುರುವಾರ ಸುಮ್ನೆ ನಿಲ್ಲಿಸಬೇಕು. ಇನ್ನೊಂದು, ದುಡ್ಡು ಯಾವಾಗ ಕೊಡುತ್ತಾರೆ? 60 ದಿನ ಉದ್ರಿ ಅಂದರೆ ಎರಡು ತಿಂಗಳ ಡೀಸೆಲ್, ಸಂಬಳ ನಿಮ್ಮ ಕೈಯಿಂದ. ಪುಸ್ತಕದಲ್ಲಿ ಲಾಭ ಕಾಣುತ್ತಿರುವಾಗಲೇ ಬಾಗಿಲು ಹಾಕಿದವರನ್ನು ನಾನು ನೋಡಿದ್ದೇನೆ.

ಗುಂಡಿ_ಬಟನ್

ಗಾಳಿ ತೆಗೆಯುವ ಪ್ಯಾಕಿಂಗ್ ಮಾಡಿ ನೋಡಿದೆ. ಎತ್ತರ 14 ಬಂತು, 12 ಆಗಲಿಲ್ಲ. ಆದರೂ 7 ಕೆಜಿ ಬಿಲ್. ಗ್ರಾಹಕರು ದಿಂಬು ಚಪಾತಿ ಥರ ಬಂದಿದೆ ಅಂತ ಗಾಬರಿಯಾಗಿ ಫೋನ್ ಮಾಡುತ್ತಿದ್ದಾರೆ, ಒಂದು ಚೀಟಿ ಹಾಕಬೇಕು.

ನಾಲ್ಕು_ವ್ಯಾನ್

ಅಪ್‌ಡೇಟ್. ಎರಡು ದಿನ ಹಿಡಿದು ಕೂತೆ, ಕೊನೆಗೆ ಒಂದು ವಾರದ ವಿಳಾಸ ಕೊಟ್ಟರು. ನಾನು, ಪಾರ್ಟ್‌ನರ್, ಲೆಕ್ಕದ ಮೇಡಂ ಮೂವರೂ ಗೋಡೌನ್‌ನಲ್ಲಿ ಮ್ಯಾಪು ಹಾಸಿಕೊಂಡು ಒಂದೊಂದಾಗಿ ಚುಕ್ಕಿ ಇಟ್ಟೆವು. ಈಗಿನದಕ್ಕೆ ನೀಲಿ, ಹೊಸದಕ್ಕೆ ಕೆಂಪು. ರಾತ್ರಿ ಹನ್ನೊಂದಾಯಿತು. ದಿನಕ್ಕೆ ಸುಮಾರು 230 ಕೆಂಪು ಚುಕ್ಕಿ ನಮ್ಮ ನೀಲಿ ಬೀದಿಗಳಲ್ಲೇ ಬಿದ್ದವು. ಉಳಿದ 170 ಊರ ಹೊರಗೆ, ಚೆಲ್ಲಿದ ಹಾಗೆ ಅಲ್ಲೊಂದು ಇಲ್ಲೊಂದು. ಪಾರ್ಟ್‌ನರ್ ಮ್ಯಾಪು ನೋಡಿ ಮಾತೇ ಆಡಲಿಲ್ಲ.

ಮೇಡಂ ಅಲ್ಲೇ ಲೆಕ್ಕ ಹಾಕಿದರು, ಇಲ್ಲಿಯ 100ರ ಲೆಕ್ಕದಲ್ಲೇ. ಬರೀ 230 ತಗೊಂಡರೆ ಒಟ್ಟು 530, ಐದು ವ್ಯಾನು ಸಾಕು, ಒಂದಕ್ಕೆ 106. ಬೀದಿ ಅದೇ ಆದ್ದರಿಂದ ಆಗಬಹುದು. ಆದಾಯ 719, ಖರ್ಚು 500, ಉಳಿಯುವುದು 219. ಇಡೀ 400 ತಗೊಂಡು ಎಲ್ಲಾ ಸರಿಯಾಗಿ ನಡೆದರೆ ಉಳಿಯುತ್ತಿದ್ದದ್ದು 196. ಕಡಿಮೆ ಪಾರ್ಸೆಲ್, ಜಾಸ್ತಿ ಲಾಭ, ಎರಡು ವ್ಯಾನಿನ ಸಾಲವೂ ಉಳಿಯಿತು.

ಅವರಿಗೆ ಹೇಳಿದೆ: ಈ ಏರಿಯಾಗಳು ಮಾತ್ರ, ದಿನಕ್ಕೆ 260 ಮೀರುವ ಹಾಗಿಲ್ಲ, ಎರಡನೇ ಸಲ ಹೋದರೆ ಅರ್ಧ ರೇಟು, 15 ದಿನಕ್ಕೆ ದುಡ್ಡು. ಏರಿಯಾಕ್ಕೂ ಮಿತಿಗೂ ಒಪ್ಪಿದರು. ಎರಡನೇ ಸಲದ ದುಡ್ಡಿಗೆ ಒಪ್ಪಲಿಲ್ಲ, ಆದರೆ ಗ್ರಾಹಕರಿಗೆ ಹಿಂದಿನ ದಿನವೇ ಮೆಸೇಜ್ ಕಳಿಸಿ ಮನೆಯಲ್ಲಿ ಇರುತ್ತೀರಾ ಅಂತ ಕೇಳುವ ಜವಾಬ್ದಾರಿ ಅವರದು ಅಂತ ಬರೆಸಿಕೊಂಡೆ. ದುಡ್ಡು 30 ದಿನಕ್ಕೆ. ಉಳಿದ 170 ಯಾರು ತಗೊಳ್ಳುತ್ತಾರೋ ಗೊತ್ತಿಲ್ಲ.

ಸೇಲ್ಸ್_ಮಂದಿ

ಆ 170ಕ್ಕೆ ಒಬ್ಬ ಸಿಕ್ಕೇ ಸಿಗುತ್ತಾನೆ, ನನ್ನಂಥವನ ಮಾತು ಕೇಳಿ. ಆರು ತಿಂಗಳು ಬಿಟ್ಟು ಅವನ ವ್ಯಾನು ಮಾರಾಟಕ್ಕೆ ಬರುತ್ತದಾ ನೋಡುತ್ತಿರಿ. ಅಥವಾ ಅವನೇ ನಿಮ್ಮ ಬೀದಿಗೂ ಬರುತ್ತಾನೆ. ಎರಡೂ ಆಗಬಹುದು.

ಬೈಕ್_ಮೇಲೆ

ಐದನೇ ವ್ಯಾನಿಗೆ ಡ್ರೈವರ್ ಬೇಕಾ ಅಣ್ಣಾ? ಸಂಬಳದ ಲೆಕ್ಕ ಆದರೆ ಮಾತ್ರ. ಲೈಸೆನ್ಸ್ ಇದೆ.

ನಾಲ್ಕು_ವ್ಯಾನ್

ಸಂಬಳದ ಲೆಕ್ಕವೇ. ಮೆಸೇಜ್ ಮಾಡಿ.

ಹಳೇ_ಸ್ಟೇರಿಂಗ್

106 ಅಂತ ಮೇಡಂ ಕಾಗದದ ಮೇಲೆ ಬರೆದರು, ಸರಿ. ಮೊದಲ ದಿನ ನೀವೂ ಪಕ್ಕದ ಸೀಟಿನಲ್ಲಿ ಕೂತು ಹೋಗಿ. ವಾಚ್ ತಗೊಂಡು ಹೋಗಿ. ಲೋಡಿಂಗ್ ಹುಡುಗನಿಗೆ ಹೇಳಿ, ಕೊನೆಗೆ ಕೊಡುವುದು ಒಳಗೆ, ಮೊದಲು ಕೊಡುವುದು ಬಾಗಿಲ ಹತ್ತಿರ. ಇದೊಂದು ಮಾಡಿದರೆ ಮನೆಗೆ ಅರ್ಧ ನಿಮಿಷ ಉಳಿಯುತ್ತದೆ.

ನಾಲ್ಕು_ವ್ಯಾನ್

ಸೋಮವಾರ ಹೋಗುತ್ತಿದ್ದೇನೆ ಸರ್. ರಾತ್ರಿ ಬಂದು ನಂಬರ್ ಹಾಕುತ್ತೇನೆ.

ನಾಲ್ಕು_ವ್ಯಾನ್

ಹೋಗಿ ಬಂದೆ. 106 ತಗೊಂಡು ಹೋದೆವು, 91 ಕೊಟ್ಟೆವು, 9 ವಾಪಸ್, 6 ತೆಗೆಯೋಕೇ ಆಗಲಿಲ್ಲ, ಕತ್ತಲಾಯಿತು. ಲಿಫ್ಟ್ ವಿಷಯ ನೀವು ಹೇಳಿದ್ದು ಸತ್ಯ ಸರ್, ಪ್ರತಿ ಸಲ ಮೇಲೇ ಇತ್ತು.